ಹತ್ತು ಕೈ ಕಟ್ಟುವ ಲೋಕಕ್ಕೆ ಯಜಮಾನ ಯಾರು?

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಾವರ್ತ್ ಎಂಬ ಊರು. 1826ರ ಜೂನ್ ತಿಂಗಳು. ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ಮಗ ಬ್ರಾನ್‌ವೆಲ್‌ಗೆಂದು ಹನ್ನೆರಡು ಮರದ ಸೈನಿಕ ಬೊಂಬೆಗಳನ್ನು ತಂದರು. ಅಕ್ಕ ಷಾರ್ಲಟ್, ತಂಗಿಯರಾದ ಎಮಿಲಿ ಮತ್ತು ಆ್ಯನ್ ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರೂ ಒಂದೊಂದು ಬೊಂಬೆಯನ್ನು ತಮ್ಮದೆಂದು ಹಿಡಿದುಕೊಂಡು ಹೆಸರಿಟ್ಟರು. ಆ ಬೊಂಬೆಗಳು ಹಡಗು ಹತ್ತಿ ಆಫ್ರಿಕಾದ ಪಶ್ಚಿಮ ಕರಾವಳಿಗೆ ಹೋಗಿ ‘ಗ್ಲಾಸ್ ಟೌನ್’ ಎಂಬ ನಾಡು ಕಟ್ಟಿದವು. ನಾಡಿಗೆ ರಾಜರು, ಕವಿಗಳು, ಯುದ್ಧಗಳು, ಪತ್ರಿಕೆಗಳು ಹುಟ್ಟಿಕೊಂಡವು. ಬೊಂಬೆಗಳ ಕೈಗೆ ಹಿಡಿಸುವಷ್ಟು ಪುಟ್ಟ ಪುಸ್ತಕಗಳನ್ನು ಹೊಲಿದು, ಅಚ್ಚಿನ ಮೊಳೆಯಂತೆ ಕಾಣುವ ಸೂಕ್ಷ್ಮ ಅಕ್ಷರಗಳಲ್ಲಿ ಆ ನಾಡಿನ ಚರಿತ್ರೆಯನ್ನು ಮಕ್ಕಳೇ ಬರೆದರು.

ಬ್ರಾನ್‌ವೆಲ್‌ಗೆ ಯುದ್ಧದ ಹುಚ್ಚು. ಅವನು ಕೈಗೆ ಸಿಕ್ಕವರನ್ನೆಲ್ಲ ರಣರಂಗದಲ್ಲಿ ಕೆಡವುತ್ತಿದ್ದ. ಆಟ ಮುಂದುವರಿಯಬೇಕಲ್ಲ! ಅದಕ್ಕಾಗಿ ನಾಲ್ವರೂ ಆ ಲೋಕದ ದೈವಗಳಾದರು. ಸತ್ತವರನ್ನು ಬದುಕಿಸುವ ಅಧಿಕಾರ ದೈವಗಳಿಗೆ ಉಂಟು ಎಂದು ಮಾಡಿಕೊಂಡರು. ಆದರೂ ಕಥೆಯ ದಾರಿ ಹಿರಿಯರಿಬ್ಬರ ಕೈಯಲ್ಲೇ ಇತ್ತು. 1831ರಲ್ಲಿ ಷಾರ್ಲಟ್ ಶಾಲೆಗೆಂದು ಮನೆ ಬಿಟ್ಟಳು. ಅದೇ ಸಮಯ ನೋಡಿ ಕಿರಿಯರಿಬ್ಬರು ಒಲೆ ಬೇರೆ ಹೂಡಿದರು. ಪೆಸಿಫಿಕ್ ಸಾಗರದಲ್ಲಿ ‘ಗೊಂಡಾಲ್’ ಎಂಬ ತಮ್ಮದೇ ದ್ವೀಪ ಸೃಷ್ಟಿಸಿಕೊಂಡರು. ಹಿರಿಯರಿಬ್ಬರು ತಮ್ಮ ನಾಡನ್ನು ‘ಆಂಗ್ರಿಯಾ’ ಎಂದು ಬೆಳೆಸಿಕೊಂಡು ಹೋದರು. ಮುಂದೆ ‘ಜೇನ್ ಐರ್’, ‘ವುದರಿಂಗ್ ಹೈಟ್ಸ್’ ಬರೆದ ಕೈಗಳು ಪಳಗಿದ್ದು ಈ ಆಟದಲ್ಲಿ. ಗೊಂಡಾಲ್‌ನ ಗದ್ಯಕಥೆಗಳು ಒಂದೂ ಉಳಿದಿಲ್ಲ, ಕವಿತೆಗಳಷ್ಟೇ ಇವೆ. ಆದರೆ ಆ್ಯನ್ ತಾನು ಓದುತ್ತಿದ್ದ ಭೂಗೋಳದ ಪಠ್ಯಪುಸ್ತಕದ ಸ್ಥಳನಾಮಗಳ ಪಟ್ಟಿಯಲ್ಲಿ, ನಿಜವಾದ ಊರುಗಳ ನಡುವೆ, ಗೊಂಡಾಲ್‌ನ ಊರು, ದ್ವೀಪ, ರಾಜಧಾನಿಗಳ ಹೆಸರನ್ನೂ ಅಕಾರಾದಿಯಲ್ಲಿ ಸೇರಿಸಿಟ್ಟಿದ್ದಳು. ಇಂದಿನ ವಿದ್ವಾಂಸರಿಗೆ ಆ ಲೋಕದ ನಕ್ಷೆ ಸಿಗುವುದು ಬಹುಮಟ್ಟಿಗೆ ಆ ಟಿಪ್ಪಣಿಗಳಿಂದ.

ಹಲವರು ಸೇರಿ ಕಟ್ಟುವ ಕಲ್ಪಿತ ಲೋಕಗಳ ಕಷ್ಟಗಳೆಲ್ಲ ಈ ಮಕ್ಕಳ ಕೋಣೆಯಲ್ಲೇ ಇವೆ. ಇನ್ನೊಬ್ಬರ ಪಾತ್ರವನ್ನು ಕೊಲ್ಲಬಹುದೇ? ಕೊಂದರೆ ಯಾರು ಬದುಕಿಸಬೇಕು? ಮಾತು ನಡೆಯದವರು ಎಲ್ಲಿಗೆ ಹೋಗಬೇಕು? ಊರುಕೇರಿಗಳ ಲೆಕ್ಕ ಇಡುವವರು ಯಾರು? ಇಂಥ ಲೋಕವನ್ನು ನಾನು ‘ಕೂಡು ಲೋಕ’ ಎಂದು ಕರೆಯುತ್ತೇನೆ, ಕೂಡು ಕುಟುಂಬ ಎನ್ನುವ ಹಾಗೆ. ಹೋಲಿಕೆ ಬರೀ ಹೆಸರಿನದಲ್ಲ. ಇಲ್ಲಿಯೂ ಯಜಮಾನಿಕೆ ಇದೆ, ಪಾಲು ಇದೆ, ಮುನಿಸು ಇದೆ, ಕೊನೆಗೆ ಹಿಸ್ಸೆಯೂ ಇದೆ. ಕಳೆದ ನೂರು ವರ್ಷಗಳಲ್ಲಿ ಈ ಕ್ಷೇತ್ರ ನಡೆದು ಬಂದ ದಾರಿಯನ್ನು ನೋಡಿದರೆ, ‘ಇದು ಬೇಡ’ ಎಂದು ಹೇಳುವ ಹಕ್ಕು ಯಾರಿಂದ ಯಾರಿಗೆ ಹೋಯಿತು ಎಂಬುದೇ ಅದರ ನಿಜವಾದ ಚರಿತ್ರೆ ಎನಿಸುತ್ತದೆ.

ಆ ಹಕ್ಕನ್ನು ಚಲಾಯಿಸಲೇ ಒಲ್ಲದ ಯಜಮಾನನೊಬ್ಬನಿದ್ದ. ಅಮೆರಿಕದ ಪ್ರಾವಿಡೆನ್ಸ್ ನಗರದ ಎಚ್. ಪಿ. ಲವ್‌ಕ್ರಾಫ್ಟ್. ಅವನ ‘ದ ಕಾಲ್ ಆಫ್ ಕ್ತುಲ್ಹು’ ಕಥೆ 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂತು. ಮನುಷ್ಯರಿಗಿಂತ ಬಹಳ ಹಿಂದಿನ ಘೋರ ಶಕ್ತಿಗಳು ಇನ್ನೂ ಎಲ್ಲೋ ಮಲಗಿವೆ ಎಂಬ ಕಲ್ಪನೆ ಅದು. ಲವ್‌ಕ್ರಾಫ್ಟ್ ಬಡವ, ಆದರೆ ಕಾಗದ ಬರೆಯುವುದರಲ್ಲಿ ಎಣೆಯಿಲ್ಲದವ. ಅವನ ಪತ್ರಗಳು ಹತ್ತಾರು ಸಾವಿರ ಎನ್ನುತ್ತಾರೆ. ಆ ಪತ್ರಗಳ ಮೂಲಕವೇ ಅವನ ಲೋಕ ಹರಡಿತು. ಪತ್ರಮಿತ್ರ ಕ್ಲಾರ್ಕ್ ಆ್ಯಷ್ಟನ್ ಸ್ಮಿತ್ ಕಲ್ಪಿಸಿದ ದೇವತೆಯನ್ನು ಅವನು ತನ್ನ ಕಥೆಗೆ ಕರೆದುಕೊಂಡ. ಇನ್ನೊಬ್ಬ ಪತ್ರಮಿತ್ರ ರಾಬರ್ಟ್ ಇ. ಹೊವಾರ್ಡ್ ಕಲ್ಪಿಸಿದ ನಿಷಿದ್ಧ ಗ್ರಂಥವನ್ನು ತನ್ನ ಕಪಾಟಿನಲ್ಲಿಟ್ಟ. ತಾನು ಕಲ್ಪಿಸಿದ ‘ನೆಕ್ರೊನಾಮಿಕಾನ್’ ಎಂಬ ಗ್ರಂಥವನ್ನು ಯಾರು ಬೇಕಾದರೂ ತಮ್ಮ ಕಥೆಯಲ್ಲಿ ತೆರೆಯಬಹುದೆಂದು ಬಿಟ್ಟುಕೊಟ್ಟ. ಬೇರೆ ಬೇರೆ ಲೇಖಕರ ಕಥೆಗಳಲ್ಲಿ ಅದೇ ಗ್ರಂಥದ ಹೆಸರು ಕಂಡ ಓದುಗರಲ್ಲಿ ಹಲವರು ಅದು ನಿಜವಾಗಿಯೂ ಇದೆ ಎಂದೇ ನಂಬಿದರು.

ಹದಿಹರೆಯದ ಲೇಖಕ ರಾಬರ್ಟ್ ಬ್ಲಾಕ್ ಒಂದು ಕಥೆಯಲ್ಲಿ ಲವ್‌ಕ್ರಾಫ್ಟ್‌ನನ್ನೇ ಹೋಲುವ ಪಾತ್ರವನ್ನು ಸಾಯಿಸಬೇಕೆಂದುಕೊಂಡು ಅನುಮತಿ ಕೇಳಿದ. ಲವ್‌ಕ್ರಾಫ್ಟ್ ಖುಷಿಯಿಂದ ಲಿಖಿತ ಅಪ್ಪಣೆ ಕಳಿಸಿದ. ಕಥೆ 1935ರಲ್ಲಿ ಬಂತು. ಮರುವರ್ಷ ಲವ್‌ಕ್ರಾಫ್ಟ್ ತನ್ನ ಕಥೆಯಲ್ಲಿ ‘ರಾಬರ್ಟ್ ಬ್ಲೇಕ್’ ಎಂಬವನನ್ನು ಕೊಂದು ಲೆಕ್ಕ ಚುಕ್ತಾ ಮಾಡಿದ. ನಿಯಮವಿಲ್ಲ, ಕರಾರಿಲ್ಲ, ಸ್ನೇಹವೊಂದೇ. ಅವನು ಬದುಕಿರುವ ತನಕ ಅದು ಸಾಕಾಯಿತು.

1937ರಲ್ಲಿ ಅವನು ತೀರಿಕೊಂಡ. ಆಗಸ್ಟ್ ಡರ್ಲೆತ್ ಎಂಬ ಶಿಷ್ಯ ಗೆಳೆಯನೊಬ್ಬನ ಜೊತೆ ಸೇರಿ 1939ರಲ್ಲಿ ‘ಆರ್ಕಮ್ ಹೌಸ್’ ಪ್ರಕಾಶನ ಕಟ್ಟಿ ಲವ್‌ಕ್ರಾಫ್ಟ್‌ನ ಕಥೆಗಳನ್ನು ಪುಸ್ತಕ ಮಾಡಿದ. ಅದಿಲ್ಲದಿದ್ದರೆ ಆ ಬರಹಗಳು ಹಳೆಯ ಅಗ್ಗದ ಪತ್ರಿಕೆಗಳ ಜೊತೆ ರದ್ದಿಗೆ ಹೋಗುತ್ತಿದ್ದವು. ಆ ಋಣವನ್ನು ಮರೆಯಬಾರದು. ಆದರೆ ಡರ್ಲೆತ್ ಅಷ್ಟಕ್ಕೇ ನಿಲ್ಲಲಿಲ್ಲ. ಲವ್‌ಕ್ರಾಫ್ಟ್‌ನ ಶಕ್ತಿಗಳಿಗೆ ಒಳಿತು ಕೆಡುಕುಗಳಿರಲಿಲ್ಲ, ಮನುಷ್ಯರ ಮೇಲೆ ಅವಕ್ಕೆ ಗಮನವೇ ಇರಲಿಲ್ಲ. ಭಯ ಹುಟ್ಟುವುದೇ ಅಲ್ಲಿ. ಡರ್ಲೆತ್ ಅವುಗಳನ್ನು ಒಳ್ಳೆಯವರು ಕೆಟ್ಟವರು ಎಂದು ಎರಡು ಪಕ್ಷ ಮಾಡಿದ, ಪೃಥ್ವಿ, ಜಲ, ಅಗ್ನಿ, ವಾಯುಗಳಿಗೆ ಹಂಚಿಹಾಕಿದ, ಲವ್‌ಕ್ರಾಫ್ಟ್ ಬಿಟ್ಟುಹೋದ ತುಣುಕುಗಳಿಂದ ತಾನೇ ಕಥೆ ಬರೆದು ಇಬ್ಬರ ಹೆಸರನ್ನೂ ಹಾಕಿದ. ಯಾರೂ ನೇಮಿಸದ ಉತ್ತರಾಧಿಕಾರಿ ಮನೆಯ ವಾಸ್ತುವನ್ನೇ ಬದಲಿಸಿದಂತಾಯಿತು. ಬಾಯಿಮಾತಿನ ಔದಾರ್ಯಕ್ಕೆ ಆಯುಸ್ಸು ಒಂದೇ ತಲೆಮಾರು.

ಜರ್ಮನರು ಬೇರೆ ದಾರಿ ಹಿಡಿದರು. 1961ರ ಸೆಪ್ಟೆಂಬರ್‌ನಲ್ಲಿ ‘ಪೆರಿ ರೋಡಾನ್’ ಎಂಬ ವೈಜ್ಞಾನಿಕ ಕಥಾಮಾಲೆ ವಾರಕ್ಕೊಂದು ಪುಸ್ತಿಕೆಯಂತೆ ಹೊರಬರತೊಡಗಿತು. ಕಾರ್ಲ್ ಹರ್ಬರ್ಟ್ ಶೇರ್ ಮತ್ತು ಕ್ಲಾರ್ಕ್ ಡಾರ್ಲ್‌ಟನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಾಲ್ಟರ್ ಅರ್ನ್‌ಸ್ಟಿಂಗ್ ಇಬ್ಬರೂ ಸೇರಿ ಇದನ್ನು ಶುರು ಮಾಡಿದಾಗ ಹೆಚ್ಚೆಂದರೆ ಐವತ್ತು ಸಂಚಿಕೆಗಳ ಯೋಚನೆಯಿತ್ತು. 2019ರಲ್ಲಿ 3000ನೆಯ ಸಂಚಿಕೆ ಬಂತು, ಇನ್ನೂ ನಿಂತಿಲ್ಲ. ಗುಟ್ಟು ಏನೆಂದರೆ ‘ಎಕ್ಸ್‌ಪೋಸೆ’ ಎಂಬ ಪದ್ಧತಿ. ಕಥೆಯ ನಡೆಯನ್ನು ಒಬ್ಬರು ಇಲ್ಲವೇ ಇಬ್ಬರು ಮುಂಚಿತವಾಗಿ ಯೋಜಿಸಿ, ಪ್ರತಿ ಸಂಚಿಕೆಗೂ ಒಂದು ಕಥಾಹಂದರ ಬರೆದು ಲೇಖಕರಿಗೆ ಕಳಿಸುತ್ತಾರೆ. ಯಾರು ಎಲ್ಲಿರಬೇಕು, ಏನಾಗಬೇಕು, ಸಂಚಿಕೆ ಎಲ್ಲಿಗೆ ಮುಗಿಯಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಅದನ್ನು ಕಥೆಯಾಗಿಸುವುದು ಆ ವಾರದ ಲೇಖಕನ ಕೆಲಸ. ಶೇರ್ ಬಳಿಕ ಈ ಜವಾಬ್ದಾರಿ ಹೊತ್ತ ವಿಲಿಯಂ ವೋಲ್ಟ್ಸ್ 1984ರಲ್ಲಿ ತೀರಿಕೊಂಡಾಗಲೂ ಮಾಲೆ ಮುರಿಯಲಿಲ್ಲ, ಇನ್ನೊಬ್ಬರು ಬಂದು ಆ ಕುರ್ಚಿಯಲ್ಲಿ ಕುಳಿತರು.

ತಾಳಮದ್ದಲೆ ಕಂಡವರಿಗೆ ಈ ಪದ್ಧತಿ ಹೊಸದೆನಿಸದು. ಪ್ರಸಂಗದ ಪದ್ಯ ಕವಿಯದು, ಅದು ಕಟ್ಟಿಟ್ಟದ್ದು. ಅರ್ಥ ಅರ್ಥಧಾರಿಯದು, ಅಲ್ಲಿ ಅವನಿಗೆ ಸ್ವಾತಂತ್ರ್ಯ. ಕರ್ಣನ ಅರ್ಥ ಹೇಳುವವನು ವಾದದಲ್ಲಿ ಕೃಷ್ಣನನ್ನು ಎಷ್ಟು ಬೇಕಾದರೂ ಕಟ್ಟಿಹಾಕಲಿ, ಹೊತ್ತು ಮೂಡುವ ಮೊದಲು ಕರ್ಣ ಬೀಳಲೇಬೇಕು. ಮಾತು ಹಳಿ ತಪ್ಪಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ, ಅಲ್ಲಿಗೆ ಆ ಚರ್ಚೆ ಮುಗಿಯಿತು. ‘ಬೇಡ’ ಎನ್ನುವುದಕ್ಕೆ ಇದಕ್ಕಿಂತ ಸೊಗಸಾದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಪೆರಿ ರೋಡಾನ್‌ನಲ್ಲಿ ಪದ್ಯವೂ ವಾರವಾರ ಹೊಸದು, ವ್ಯತ್ಯಾಸ ಅಷ್ಟೇ.

ಜರ್ಮನರ ಈ ಪದ್ಧತಿಯಲ್ಲಿ ಲೇಖಕ ಮನೆಯ ಮಗನಲ್ಲ, ಸಂಬಳದ ಕೆಲಸಗಾರ. ಪಾಲುದಾರನಾಗಿಸುವ ಪ್ರಯತ್ನ ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಆಯಿತು. ರಾಬರ್ಟ್ ಆ್ಯಸ್ಪ್ರಿನ್ ಎಂಬ ಲೇಖಕನಿಗೆ ಒಂದು ಬೇಸರವಿತ್ತು. ಖಡ್ಗ, ಮಂತ್ರಗಳ ಕಥೆ ಬರೆಯಬೇಕಾದರೆ ಪ್ರತಿಯೊಬ್ಬನೂ ಮೊದಲಿಂದ ಒಂದು ನಾಡು, ಒಂದು ಇತಿಹಾಸ, ದೇವರುಗಳನ್ನೆಲ್ಲ ಕಟ್ಟಿಕೊಳ್ಳಬೇಕು. ಒಂದು ಊರನ್ನು ಒಮ್ಮೆ ಕಟ್ಟಿ ಎಲ್ಲರೂ ಬಳಸಿದರೆ? ಹೀಗೆ ಹುಟ್ಟಿದ್ದು ಸ್ಯಾಂಕ್ಚುಯರಿ ಎಂಬ ಕೊಳಕು ಊರು, ‘ಥೀವ್ಸ್ ವರ್ಲ್ಡ್’ ಎಂಬ ಕಥಾಸಂಕಲನ. ಮೊದಲ ಸಂಪುಟ 1979ರಲ್ಲಿ ಬಂತು. ಪೌಲ್ ಆ್ಯಂಡರ್ಸನ್, ಜಾನ್ ಬ್ರನರ್, ಜೋ ಹಾಲ್ಡಮನ್‌ರಂಥ ಹೆಸರಾಂತರು ಅದರಲ್ಲಿದ್ದರು. ಊರಿನ ನಕ್ಷೆ ಎಲ್ಲರಿಗೂ ಒಂದೇ. ಪ್ರತಿ ಲೇಖಕನೂ ತನ್ನ ಪಾತ್ರದ ಪರಿಚಯ ಬರೆದು ಉಳಿದವರಿಗೆ ಹಂಚಬೇಕು. ಇನ್ನೊಬ್ಬನ ಪಾತ್ರವನ್ನು ನಿನ್ನ ಕಥೆಗೆ ಕರೆದುಕೊಳ್ಳಬಹುದು. ಕೇಳದೆ ಕೊಲ್ಲಬಾರದು, ಕೇಳದೆ ಅವನ ಸ್ವಭಾವ ತಿರುಚಬಾರದು.

ನಿಯಮ ಚೆನ್ನಾಗಿಯೇ ಇತ್ತು, ಮೊದಲ ಸಂಪುಟಗಳೂ ಚೆನ್ನಾಗಿವೆ. ಆ್ಯಸ್ಪ್ರಿನ್ ಮತ್ತು ಲಿನ್ ಆ್ಯಬಿ ಸಂಪಾದಕತ್ವದಲ್ಲಿ 1989ರವರೆಗೆ ಹನ್ನೆರಡು ಸಂಪುಟಗಳು ಬಂದವು. ಆದರೆ ಹೋಗಹೋಗುತ್ತ ಕಳ್ಳರ ಬಡ ಊರಿನ ಬೀದಿಗಳಲ್ಲಿ ದೇವತೆಗಳು, ಅಮರ ಯೋಧರು, ಮಹಾ ಮಾಂತ್ರಿಕರು ಕಿಕ್ಕಿರಿದರು. ನನಗೆ ಕಾಣುವ ಕಾರಣ ಆ ನಿಯಮದಲ್ಲೇ ಇದೆ. ಒಬ್ಬರ ಪಾತ್ರವನ್ನು ಇನ್ನೊಬ್ಬರು ಇಳಿಸುವಂತಿಲ್ಲ ಎಂದಾದರೆ ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ಏರಿಸುತ್ತಲೇ ಹೋಗುತ್ತಾರೆ. ಗಡಿಯ ಬೇಲಿ ಕಾಯುವವರಿದ್ದರು, ಊರಿನ ಅಳತೆ ಕಾಯುವವರಿರಲಿಲ್ಲ. ಸಂಪಾದಕನ ಕೆಲಸ ಜಗಳ ಬಿಡಿಸುವುದಷ್ಟೇ ಎಂದುಕೊಂಡರೆ ಹೀಗಾಗುತ್ತದೆ.

ಇದನ್ನು ಸರಿಪಡಿಸಿದವರು ಜಾರ್ಜ್ ಆರ್. ಆರ್. ಮಾರ್ಟಿನ್. ‘ಗೇಮ್ ಆಫ್ ಥ್ರೋನ್ಸ್’ ಲೇಖಕರೆಂದು ನಮ್ಮಲ್ಲೂ ಪರಿಚಿತರು. ಅದಕ್ಕೂ ಬಹಳ ಹಿಂದೆ, ನ್ಯೂ ಮೆಕ್ಸಿಕೋದ ಲೇಖಕ ಗೆಳೆಯರೊಂದಿಗೆ ರಾತ್ರಿಗಟ್ಟಲೆ ಆಡಿದ ಒಂದು ಪಾತ್ರಾಭಿನಯದ ಆಟದಿಂದ ಅವರು ‘ವೈಲ್ಡ್ ಕಾರ್ಡ್ಸ್’ ಮಾಲೆ ಕಟ್ಟಿದರು. ಮೊದಲ ಪುಸ್ತಕ 1987ರಲ್ಲಿ ಬಂತು. 1946ರಲ್ಲಿ ನ್ಯೂಯಾರ್ಕ್ ಮೇಲೆ ಅನ್ಯಗ್ರಹದ ಸೋಂಕೊಂದು ಹರಡುತ್ತದೆ. ಸೋಂಕಿತರಲ್ಲಿ ನೂರಕ್ಕೆ ತೊಂಬತ್ತು ಮಂದಿ ಸಾಯುತ್ತಾರೆ, ಒಂಬತ್ತು ಮಂದಿ ವಿರೂಪಗೊಳ್ಳುತ್ತಾರೆ, ಒಬ್ಬರಿಗೆ ಮಾತ್ರ ಅತಿಮಾನುಷ ಶಕ್ತಿ ಬರುತ್ತದೆ. ಈ ಲೆಕ್ಕಾಚಾರವೇ ಸಂಪಾದಕನ ಜಾಣತನ. ಶಕ್ತಿ ಅಪರೂಪ, ಅದಕ್ಕೆ ತೆತ್ತ ಬೆಲೆ ಎಲ್ಲ ಕಡೆ ಕಾಣುತ್ತದೆ. ಯಾವ ಲೇಖಕನೂ ಅದನ್ನು ಮೀರಿ ದೇವರನ್ನು ತರುವಂತಿಲ್ಲ. ಆ್ಯಸ್ಪ್ರಿನ್ ಊರಿಗೆ ಇಲ್ಲದ ಅಳತೆಗೋಲು ಇಲ್ಲಿ ಕಥೆಯ ಮೊದಲ ದಿನದಲ್ಲೇ ಹುದುಗಿತ್ತು.

ಇನ್ನೂ ಮುಖ್ಯವಾದದ್ದು ಕರಾರು. ಪ್ರತಿ ಪಾತ್ರವೂ ಅದನ್ನು ಸೃಷ್ಟಿಸಿದ ಲೇಖಕನ ಸ್ವತ್ತು. ಬೇರೆಯವರು ಅದನ್ನು ಬಳಸಿದಾಗ ಅವನ ಒಪ್ಪಿಗೆ ಬೇಕು, ಅವನಿಗೆ ಪಾಲೂ ಸಲ್ಲಬೇಕು. ಹಾಗಾಗಿ ನನ್ನ ಪಾತ್ರವನ್ನು ನೀನು ಮುಟ್ಟಬೇಡ ಎನ್ನುವ ಬದಲು, ಎರವಲು ಕೊಡುವುದೇ ಲೇಖಕರಿಗೆ ಲಾಭವಾಯಿತು. ರೋಜರ್ ಜೆಲಾಜ್ನಿ ಕೊಟ್ಟ ಕ್ರಾಯ್ಡ್ ಎಂಬ ಪಾತ್ರ ಪ್ರತಿ ಸಲ ನಿದ್ದೆಯಿಂದ ಎದ್ದಾಗ ಬೇರೆ ರೂಪ, ಬೇರೆ ಶಕ್ತಿಯಲ್ಲಿರುತ್ತಾನೆ. ಯಾವ ಲೇಖಕನ ಕಥೆಗೂ ಹೊಂದುವ ಪಾತ್ರ! ಜೆಲಾಜ್ನಿ 1995ರಲ್ಲಿ ತೀರಿಕೊಂಡರು, ಕ್ರಾಯ್ಡ್ ಇಂದಿಗೂ ಬೇರೆಯವರ ಕಥೆಗಳಲ್ಲಿ ಏಳುತ್ತಲೇ ಇದ್ದಾನೆ. ಕೆಲವು ಸಂಪುಟಗಳಲ್ಲಿ ಹಲವರು ಬರೆದ ಎಳೆಗಳನ್ನು ಬಿಡಿಸಿ, ಮತ್ತೆ ಹೆಣೆದು ಒಂದೇ ಕಾದಂಬರಿಯಾಗಿಸುವ ಕೆಲಸವನ್ನೂ ಮಾರ್ಟಿನ್ ಮಾಡಿದ್ದಾರೆ. ಮೂವತ್ತಕ್ಕೂ ಹೆಚ್ಚು ಪುಸ್ತಕಗಳಾಗಿವೆ.

ಕರಾರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಕಾಲದ ಡಾರ್ಕೋವರ್ ಪ್ರಕರಣವಿದೆ. ಲೇಖಕಿ ಮರಿಯನ್ ಜಿಮ್ಮರ್ ಬ್ರ್ಯಾಡ್ಲಿ ತಮ್ಮ ಡಾರ್ಕೋವರ್ ಗ್ರಹದ ಕಥೆಗಳನ್ನು ಬರೆಯಲು ಅಭಿಮಾನಿಗಳನ್ನು ಬಿಚ್ಚುಮನಸ್ಸಿನಿಂದ ಕರೆದಿದ್ದರು, 1980ರಿಂದ ಅವರ ಕಥೆಗಳ ಸಂಕಲನಗಳನ್ನೇ ತಂದರು. 1992ರ ಸುಮಾರಿಗೆ ಒಬ್ಬ ಅಭಿಮಾನಿಯ ಬರಹಕ್ಕೂ ಬ್ರ್ಯಾಡ್ಲಿ ಬರೆಯುತ್ತಿದ್ದ ಕಾದಂಬರಿಗೂ ಹೋಲಿಕೆ ಬಂದು ಹಕ್ಕಿನ ತಕರಾರು ಎದ್ದಿತು. ಏನು ನಡೆಯಿತು ಎಂಬುದರಲ್ಲಿ ಎರಡೂ ಕಡೆಯ ಮಾತು ಕೂಡುವುದಿಲ್ಲ. ಕಾದಂಬರಿ ನಿಂತಿತು, ಅಭಿಮಾನಿಗಳಿಗೆ ತೆರೆದಿದ್ದ ಬಾಗಿಲು ಮುಚ್ಚಿತು. ಅಭಿಮಾನಿಗಳು ಕಳಿಸುವ ಕಥೆಗಳನ್ನು ವೃತ್ತಿಪರ ಲೇಖಕರು ತೆರೆದೂ ನೋಡದೆ ಹಿಂತಿರುಗಿಸುವಾಗ ಇಂದಿಗೂ ಈ ಪ್ರಸಂಗವನ್ನು ನೆನೆಯುತ್ತಾರೆ.

ಇತ್ತ ಕಂಪ್ಯೂಟರ್ ಜಾಲಗಳಲ್ಲಿ ಇನ್ನೊಂದು ಬಗೆಯ ಲೋಕ ಎದ್ದಿತ್ತು. ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ‘ಲ್ಯಾಂಬ್ಡಾಮೂ’ ತೆರೆದರು. ಚಿತ್ರವಿಲ್ಲ, ಬರೀ ಅಕ್ಷರಗಳಲ್ಲಿ ಕಟ್ಟಿದ ದೊಡ್ಡ ಮನೆ. ಕ್ಯಾಲಿಫೋರ್ನಿಯಾದ ಅವರ ಸ್ವಂತ ಮನೆಯೇ ಮಾದರಿ. ಒಳಬಂದವರು ಹೊಸ ಕೋಣೆ, ತೋಟ, ಸುರಂಗಗಳನ್ನು ಬರೆದು ಸೇರಿಸಬಹುದು. ಬಂದವರೆಲ್ಲ ಕಟ್ಟತೊಡಗಿದರೆ ಯಂತ್ರದ ಸ್ಮೃತಿ ತುಂಬಿಹೋಗುತ್ತದಲ್ಲ, ಆದ್ದರಿಂದ ತಲೆಗೆ ಇಷ್ಟು ಬೈಟ್ ಎಂದು ಪಡಿತರ ಬಂತು. ಹೆಚ್ಚು ಬೇಕಾದವರು ತಮ್ಮ ಕಟ್ಟಡ ಲೋಕಕ್ಕೆ ಏನು ಸೇರಿಸುತ್ತದೆ ಎಂದು ಬಳಕೆದಾರರ ಒಂದು ಮಂಡಳಿಗೆ ಮನವರಿಕೆ ಮಾಡಬೇಕಿತ್ತು. 1992ರ ಕೊನೆಗೆ ನಿರ್ವಾಹಕರು ಇನ್ನು ಮುಂದೆ ಜಗಳಗಳ ತೀರ್ಮಾನ ನಮ್ಮದಲ್ಲ ಎಂದು ಕೈತೊಳೆದುಕೊಂಡರು. ಆ ಬಳಿಕ ಲೋಕದೊಳಗೆ ನಡೆದ ಒಂದು ಹೀನ ಹಲ್ಲೆಯನ್ನು ಯಾರು ವಿಚಾರಿಸಬೇಕೆಂದು ತಿಳಿಯದೆ ಎಲ್ಲರೂ ತತ್ತರಿಸಿದರು. ಅರ್ಜಿ, ಮತದಾನದ ವ್ಯವಸ್ಥೆ ಬಂತು. ಅದೂ ಹಳ್ಳ ಹಿಡಿಯಿತು. 1996ರಲ್ಲಿ ನಿರ್ವಾಹಕರು ಅಧಿಕಾರವನ್ನು ವಾಪಸು ತೆಗೆದುಕೊಂಡರು. ಯಂತ್ರದ ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ತಾವು ಯಜಮಾನರಲ್ಲ ಎಂದು ಹೇಳಿಕೊಳ್ಳುವುದು ಪ್ರಾಮಾಣಿಕವಲ್ಲ ಎಂಬುದು ನಾಲ್ಕು ವರ್ಷಗಳಲ್ಲಿ ಗೊತ್ತಾಯಿತು.

ಪಾತ್ರಾಭಿನಯದ ಆಟಗಳವರು ಪ್ರದೇಶವಾರು ಹಂಚಿಕೆಯನ್ನೂ ಮಾಡಿ ನೋಡಿದರು. 2000ದಿಂದ 2008ರವರೆಗೆ ನಡೆದ ‘ಲಿವಿಂಗ್ ಗ್ರೇಹಾಕ್’ ಎಂಬ ಆಟದಲ್ಲಿ ಕಲ್ಪಿತ ಭೂಪಟದ ಒಂದೊಂದು ಸೀಮೆಯನ್ನು ನಿಜಲೋಕದ ಒಂದೊಂದು ಪ್ರಾಂತ್ಯದ ಆಟಗಾರರಿಗೆ ವಹಿಸಿ, ಪ್ರತಿ ಸೀಮೆಗೂ ಮೂವರು ಸ್ವಯಂಸೇವಕರನ್ನು ಉಸ್ತುವಾರಿಗೆ ಇಟ್ಟಿದ್ದರು.

ದೊಡ್ಡ ಕಂಪನಿಯೊಂದು ಲೋಕದ ಒಡೆಯನಾದಾಗ ಲೆಕ್ಕದ ಪುಸ್ತಕವೂ ದೊಡ್ಡದಾಯಿತು. ‘ಸ್ಟಾರ್ ವಾರ್ಸ್’ ಚಿತ್ರಗಳ ಸುತ್ತ 1991ರಲ್ಲಿ ಬಂದ ಟಿಮತಿ ಜಾನ್ ಅವರ ಕಾದಂಬರಿಯ ಗೆಲುವಿನ ಬಳಿಕ ಕಾದಂಬರಿ, ಕಾಮಿಕ್ಸ್, ವಿಡಿಯೋ ಗೇಮ್‌ಗಳ ಮಹಾಪೂರವೇ ಹರಿಯಿತು. ಯಾವ ಪಾತ್ರ ಯಾವ ವರ್ಷ ಎಲ್ಲಿತ್ತು ಎಂದು ನೆನಪಿಡುವುದು ಯಾರಿಗೂ ಸಾಧ್ಯವಿಲ್ಲದಾದಾಗ, 2000ದಲ್ಲಿ ಲೀಲಂಡ್ ಚೀ ಎಂಬವರನ್ನು ಅದಕ್ಕೆಂದೇ ನೇಮಿಸಿಕೊಂಡರು. ಅವರು ಕಟ್ಟಿದ ಡೇಟಾಬೇಸಿಗೆ ‘ಹೋಲೊಕ್ರಾನ್’ ಎಂದು ಹೆಸರು. ಅದರಲ್ಲಿ ಸತ್ಯಕ್ಕೂ ಮೆಟ್ಟಿಲುಗಳಿದ್ದವು. ಜಾರ್ಜ್ ಲ್ಯೂಕಸ್ ಚಿತ್ರಗಳಲ್ಲಿ ಇರುವುದು ಎಲ್ಲಕ್ಕಿಂತ ಮೇಲೆ, ಆಮೇಲೆ ಟಿವಿ ಸರಣಿ, ಆಮೇಲೆ ಕಾದಂಬರಿ ಕಾಮಿಕ್ಸ್, ಕೆಳಗಿನದು ಮೇಲಿನದಕ್ಕೆ ಅಡ್ಡ ಬಂದರೆ ಕೆಳಗಿನದು ಸುಳ್ಳು. ಕಲ್ಪಿತ ಲೋಕದಲ್ಲಿ ಅಧಿಕೃತ ಯಾವುದು ಎನ್ನಲು ‘ಕ್ಯಾನನ್’ ಎಂಬ ಶಬ್ದ ಬಳಕೆಗೆ ಬಂದದ್ದು ಷೆರ್ಲಾಕ್ ಹೋಮ್ಸ್ ಅಭಿಮಾನಿಗಳಿಂದ. ಬೈಬಲ್ ಪಾಂಡಿತ್ಯದ ಆ ಶಬ್ದ ಈಗ ಕಂಪನಿಯ ಕಡತದ ಶಬ್ದವಾಯಿತು.

ಈ ವ್ಯವಸ್ಥೆಯಲ್ಲಿ ಲೇಖಕನ ಸ್ಥಿತಿ ಏನು ಎಂಬುದನ್ನು 1999ರ ಒಂದು ಘಟನೆ ತೋರಿಸುತ್ತದೆ. ಆರ್. ಎ. ಸಾಲ್ವಟೋರೆ ಬರೆದ ಕಾದಂಬರಿಯಲ್ಲಿ ‘ಸ್ಟಾರ್ ವಾರ್ಸ್’ ಚಿತ್ರಗಳ, ಎಲ್ಲರ ಪ್ರೀತಿಯ ಪಾತ್ರವಾದ ಚೂಬಾಕಾ ಸಾಯುತ್ತಾನೆ. ಸಾಯಿಸುವ ತೀರ್ಮಾನ ಲೇಖಕರದಲ್ಲ, ಮೇಲಿನವರದು. ಓದುಗರ ಕೋಪ ಬಂದೆರಗಿದ್ದು ಮಾತ್ರ ಮುಖಪುಟದಲ್ಲಿ ಹೆಸರಿದ್ದವರ ಮೇಲೆ. 2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರಿಗೆ ಈ ಲೋಕದ ಒಡೆಯನಾಗಿದ್ದ ಲ್ಯೂಕಸ್‌ಫಿಲ್ಮ್ ಕೊಂಡಿತು. 2014ರ ಏಪ್ರಿಲ್ 25ರಂದು ಅದುವರೆಗಿನ ಕಾದಂಬರಿ ಕಾಮಿಕ್ಸ್‌ಗಳೆಲ್ಲ ಇನ್ನು ‘ದಂತಕಥೆಗಳು’ ಎಂಬ ಪ್ರಕಟಣೆ ಹೊರಟಿತು. ಹೊಸ ಚಿತ್ರಗಳಿಗೆ ದಾರಿ ಬೇಕಿತ್ತು, ಅದು ಅರ್ಥವಾಗುವ ಮಾತು. ಆದರೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಲವು ಲೇಖಕರು ಒಬ್ಬರ ಎಳೆಯನ್ನು ಒಬ್ಬರು ಹಿಡಿದು ನೇಯ್ದ ಬಟ್ಟೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಲೆಕ್ಕದಿಂದ ಹೊರಗೆ ಬಿತ್ತು. ಚಲನಚಿತ್ರಗಳಾಚೆ ಆ ಲೋಕದ ಮೊದಲ ಸ್ವತಂತ್ರ ಕಾದಂಬರಿ ಬರೆದ ಆ್ಯಲನ್ ಡೀನ್ ಫಾಸ್ಟರ್ ಅವರಿಗೆ ಹಳೆಯ ಪುಸ್ತಕಗಳ ಗೌರವಧನ ಬರುತ್ತಿಲ್ಲವೆಂದು 2020ರಲ್ಲಿ ಲೇಖಕರ ಸಂಘವೇ ಬಹಿರಂಗವಾಗಿ ದನಿ ಎತ್ತಬೇಕಾಯಿತು. ಅಷ್ಟು ಅಚ್ಚುಕಟ್ಟಾದ ಡೇಟಾಬೇಸಿನಲ್ಲಿ ಪ್ರತಿ ಪಾತ್ರದ ಹುಟ್ಟೂರಿಗೆ ಜಾಗವಿತ್ತು. ಲೇಖಕರ ಪಾಲು ಬರೆಯುವ ಅಂಕಣವೂ ಒಂದಿರಬೇಕಿತ್ತು ಎಂದು ನೋವಾಗುತ್ತದೆ.

ಇದರ ತದ್ವಿರುದ್ಧ ತುದಿಯಲ್ಲಿ ‘ಎಸ್‌ಸಿಪಿ ಫೌಂಡೇಶನ್’ ಇದೆ. 2007ರಲ್ಲಿ ಹೆಸರಿಲ್ಲದ ಯಾರೋ ಒಬ್ಬರು ಒಂದು ಚಿಕ್ಕ ಬರಹ ಹಾಕಿದರು: ನಿಮ್ಮ ಕಣ್ಣು ಅದರ ಮೇಲಿಲ್ಲದಾಗ ಮಾತ್ರ ಚಲಿಸುವ, ಕುತ್ತಿಗೆ ಮುರಿಯುವ ಒಂದು ಶಿಲ್ಪ, ಅದನ್ನು ಬಂಧಿಸಿಡುವ ರಹಸ್ಯ ಸಂಸ್ಥೆಯ ಕಡತದ ರೂಪದಲ್ಲಿ ಬರೆದದ್ದು. ಕಡತಕ್ಕೆ 173 ಎಂದು ಸಂಖ್ಯೆ ಹಾಕಿದ್ದರು. ಉಳಿದ 172 ಎಲ್ಲಿ ಎಂಬ ಪ್ರಶ್ನೆಯೇ ಜಗತ್ತಿನ ಸಾವಿರಾರು ಮಂದಿಯನ್ನು ಬರೆಯಲು ಕೂರಿಸಿತು. ಇವತ್ತು ಸಾವಿರ ಸಾವಿರ ಕಡತಗಳಿವೆ, ಹಲವು ಭಾಷೆಗಳಲ್ಲಿ ಶಾಖೆಗಳಿವೆ. ಇಲ್ಲಿ ಅಧಿಕೃತ ಕಥೆ ಎಂಬುದೇ ಇಲ್ಲ. ಒಂದು ಕಡತ ಇನ್ನೊಂದಕ್ಕೆ ವಿರುದ್ಧವಾಗಿದ್ದರೆ ಇರಲಿ. ಲೋಕವನ್ನು ಹಿಡಿದಿಟ್ಟಿರುವುದು ಬರಹದ ರೂಪ: ವಸ್ತುವಿನ ಸಂಖ್ಯೆ, ಅಪಾಯದ ವರ್ಗ, ಬಂಧನದ ಕ್ರಮ, ವಿವರಣೆ. ಸರ್ಕಾರಿ ಕಡತದ ಒಣ ಭಾಷೆಯಲ್ಲಿ ಹೇಳಿದ ಭಯಾನಕ ಸಂಗತಿ. ಈ ರೂಪ ಗೊತ್ತಿದ್ದವರು ಇತಿಹಾಸ ಓದದೆಯೇ ಒಳಗೆ ಬರಬಹುದು. ಇದೊಂದು ಅದ್ಭುತ ಶೋಧ ಎಂದೇ ನನ್ನ ಭಾವನೆ.

‘ಬೇಡ’ ಎನ್ನುವ ಹಕ್ಕು ಇಲ್ಲಿ ಓದುಗ ಸದಸ್ಯರದು. ಪ್ರತಿ ಬರಹಕ್ಕೂ ಮೇಲೆ ಕೆಳಗೆ ಮತ ಹಾಕುತ್ತಾರೆ. ಒಟ್ಟು ಮೊತ್ತ ಸೊನ್ನೆಗಿಂತ ಹತ್ತು ಕೆಳಗಿಳಿದರೆ ಬರಹ ಅಳಿಸುವ ಸಾಲಿಗೆ ಸೇರುತ್ತದೆ. ಮತಕ್ಕೆ ಕಾರಣ ಹೇಳುವ ಕಡ್ಡಾಯವಿಲ್ಲ, ಹೊಸಬನಿಗೆ ಪೆಟ್ಟು ಎಲ್ಲಿಂದ ಬಿತ್ತೆಂದು ಗೊತ್ತಾಗುವುದಿಲ್ಲ. ಹಾಗೆಂದೇ ಅಲ್ಲಿನ ಹಿರಿಯರು ಕರಡನ್ನು ಮೊದಲೇ ಓದಿ ತಿದ್ದಿ ಹೇಳುವ ಪದ್ಧತಿ ಬೆಳೆಸಿದರು. ಬರಹಗಳೆಲ್ಲ ಮುಕ್ತ ಪರವಾನಗಿಯವು, ಬರೆದವರ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು. ಮುಕ್ತತೆಗೂ ಕಾವಲು ಬೇಕೆಂಬುದು ಬೇಗ ತಿಳಿಯಿತು. ರಷ್ಯಾದಲ್ಲಿ ಒಬ್ಬರು ಇಡೀ ಹೆಸರು, ಲಾಂಛನಗಳನ್ನು ತಮ್ಮ ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಿಕೊಂಡಾಗ ಬರಹಗಾರರು ಹಣ ಕೂಡಿಸಿ ಕೋರ್ಟು ಹತ್ತಬೇಕಾಯಿತು. ಮೊದಲ ಬರಹದ ಜೊತೆಗಿದ್ದ ಚಿತ್ರದ ಕಥೆ ನನ್ನನ್ನು ಹೆಚ್ಚು ತಟ್ಟಿತು. ಅದು ಜಪಾನಿನ ಕಲಾವಿದ ಇಜುಮಿ ಕಾಟೊ ಅವರ ಶಿಲ್ಪದ ಚಿತ್ರ, ಕೇಳದೆ ತಂದದ್ದು. ವರ್ಷಗಟ್ಟಲೆ ಅದು ಆ ಲೋಕದ ಮುಖವೇ ಆಗಿತ್ತು. 2022ರಲ್ಲಿ ಕಲಾವಿದರ ಮೇಲಿನ ಗೌರವಕ್ಕೆಂದು ಅದನ್ನು ತೆಗೆದುಹಾಕಿದರು. ಈಗ ಆ ಕಡತಕ್ಕೆ ಚಿತ್ರವಿಲ್ಲ. ತನ್ನ ಹುಟ್ಟಿನೊಂದಿಗೇ ಬಂದ ತಪ್ಪನ್ನು ಹದಿನೈದು ವರ್ಷಗಳ ಬಳಿಕ ತಿದ್ದಿಕೊಂಡ ಲೋಕ ಅದು.

ಇಷ್ಟನ್ನೂ ನೋಡಿದ ಮೇಲೆ ನನ್ನ ಮನಸ್ಸು ನಿಲ್ಲುವುದು ಎರಿಕ್ ಫ್ಲಿಂಟ್ ಅವರ ಹತ್ತಿರ. ಫ್ಲಿಂಟ್ ಮೂಲತಃ ಕಾರ್ಮಿಕ ಸಂಘಟಕ. ಬಂದರಿನಲ್ಲಿ, ಯಂತ್ರಾಗಾರಗಳಲ್ಲಿ ದುಡಿದವರು, ಐವತ್ತರ ಹೊಸ್ತಿಲಲ್ಲಿ ಲೇಖಕರಾದವರು. 2000ದಲ್ಲಿ ಬಂದ ಅವರ ‘1632’ ಕಾದಂಬರಿಯಲ್ಲಿ ವೆಸ್ಟ್ ವರ್ಜೀನಿಯಾದ ಗ್ರ್ಯಾಂಟ್‌ವಿಲ್ ಎಂಬ ಕಲ್ಲಿದ್ದಲ ಗಣಿಯ ಊರು ಇದ್ದಕ್ಕಿದ್ದಂತೆ 1631ರ ಜರ್ಮನಿಗೆ, ಮೂವತ್ತು ವರ್ಷಗಳ ಯುದ್ಧದ ನಡುವೆ ಬಂದು ಬೀಳುತ್ತದೆ. ಮುಂದೇನು? ಔಷಧ ಮುಗಿದಾಗ ಏನು ಮಾಡುವುದು, ಉಕ್ಕು ಹೇಗೆ ತಯಾರಿಸುವುದು, ಗಣಿ ಕಾರ್ಮಿಕರ ಸಂಘ ರಾಜಮಹಾರಾಜರನ್ನು ಹೇಗೆ ಎದುರಿಸುವುದು? ಎಂಜಿನಿಯರುಗಳು, ದಾದಿಯರು, ಇತಿಹಾಸದ ಅಧ್ಯಾಪಕರು, ರೈತರು – ಓದುಗರೆಲ್ಲ ತಮಗೆ ಗೊತ್ತಿದ್ದುದನ್ನು ಹೊತ್ತು ತಂದರು. ಫ್ಲಿಂಟ್ ಅವರನ್ನು ಅಭಿಮಾನಿಗಳೆಂದು ದೂರ ಇಡಲಿಲ್ಲ, ಬರೆಯಲು ಕರೆದರು.

ಕರೆದದ್ದಷ್ಟೇ ಅಲ್ಲ, ಅಳತೆಗೋಲನ್ನೂ ಕೊಟ್ಟರು. ಗ್ರ್ಯಾಂಟ್‌ವಿಲ್‌ಗೆ ಮಾದರಿ ಮ್ಯಾನಿಂಗ್ಟನ್ ಎಂಬ ನಿಜವಾದ ಊರು. ಅಲ್ಲಿ ಕಾದಂಬರಿ ಬಂದ ವರ್ಷ ಇದ್ದದ್ದು ಮಾತ್ರ ಕಥೆಯ ಊರಿನಲ್ಲಿ ಇರಬಹುದು. ಅನುಕೂಲಕ್ಕೆಂದು ಯಾರೂ ಹೊಸ ಕಾರ್ಖಾನೆಯನ್ನು, ಹೊಸ ತಜ್ಞನನ್ನು ತಂದು ನಿಲ್ಲಿಸುವಂತಿಲ್ಲ. ಊರಿನ ಸುಮಾರು ಮೂರೂವರೆ ಸಾವಿರ ನಿವಾಸಿಗಳ ಹೆಸರು, ವಯಸ್ಸು, ನೆಂಟಸ್ತಿಕೆ, ಕಸುಬುಗಳ ಒಂದು ಪಟ್ಟಿ ತಯಾರಾಯಿತು. ಅದಕ್ಕೆ ‘ಗ್ರಿಡ್’ ಎಂದು ಹೆಸರು. ಇತಿಹಾಸಕಾರ್ತಿ ವರ್ಜೀನಿಯಾ ಡಿಮಾರ್ಸ್ ಅವರ ದುಡಿಮೆ ಅದರಲ್ಲಿ ದೊಡ್ಡದು. ಕಥೆಗೆ ಒಬ್ಬ ಬಡಗಿ ಬೇಕೆ? ಪಟ್ಟಿಯಲ್ಲಿ ನೋಡಿ, ಇದ್ದಾನೆಯೇ? ಬೇರೆ ಯಾರಾದರೂ ಅವನನ್ನು ಆಗಲೇ ಬಳಸಿಕೊಂಡಿದ್ದಾರೆಯೇ? ಹಳ್ಳಿಯ ಶಾನುಭೋಗರ ಖಾತೆಯಂತೆ ಅದು. ಕರಡು ಕಥೆಗಳನ್ನು ಎಲ್ಲರೆದುರು ಇಟ್ಟು, ತಾಂತ್ರಿಕ ತಪ್ಪು, ಇತಿಹಾಸದ ತಪ್ಪುಗಳನ್ನು ಹೆಕ್ಕಿ, ತಿದ್ದಿದ ಮೇಲೆ ‘ಗ್ರ್ಯಾಂಟ್‌ವಿಲ್ ಗೆಜೆಟ್’ ಎಂಬ ವಿದ್ಯುನ್ಮಾನ ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. ಅದರ ಮೊದಲ ಸಂಚಿಕೆ 2003ರದು. ಬರೆದವರಿಗೆ ಸಂಭಾವನೆ ಸಿಗುತ್ತಿತ್ತು. ಗೆಜೆಟ್‌ನಲ್ಲಿ ಬಂದದ್ದು ಅಧಿಕೃತ, ಅಂದರೆ ಫ್ಲಿಂಟ್ ತಮ್ಮ ಕಾದಂಬರಿಯಲ್ಲೂ ಅದಕ್ಕೆ ಬದ್ಧರಾಗಿದ್ದರು. ಮೊದಲ ಕಥೆ ಬರೆದ ನರ್ಸೊಬ್ಬಳ ಮಾತಿಗೆ ಲೋಕದ ಸೃಷ್ಟಿಕರ್ತ ತಲೆಬಾಗಬೇಕು ಎಂದರೆ ಅದು ಸಣ್ಣ ಸಂಗತಿಯೇ? ಕಾರ್ಮಿಕ ಸಂಘ ಕಟ್ಟಿದವನಿಗೆ ಮಾತ್ರ ಇದು ಹೊಳೆಯಲು ಸಾಧ್ಯ ಎಂದು ನಾನು ನಂಬುತ್ತೇನೆ.

2022ರ ಜುಲೈ 17ರಂದು ಫ್ಲಿಂಟ್ ತೀರಿಕೊಂಡರು. ಅವರು ನಡೆಸುತ್ತಿದ್ದ ಪ್ರಕಾಶನವೂ, 102 ಸಂಚಿಕೆ ಕಂಡಿದ್ದ ಗೆಜೆಟ್ಟೂ ಅದೇ ವರ್ಷ ನಿಂತವು. ಇಷ್ಟೊಂದು ಜಾಗ್ರತೆಯಿಂದ ಎಲ್ಲಕ್ಕೂ ಪಟ್ಟಿ ಇಟ್ಟವರು ತಮ್ಮ ನಂತರ ಪತ್ರಿಕೆ ಹೇಗೆ ನಡೆಯಬೇಕೆಂಬುದನ್ನು ಅಷ್ಟೇ ಗಟ್ಟಿಯಾಗಿ ಕಟ್ಟಿರಲಿಲ್ಲ ಎಂಬುದು ಬೇಸರದ ಮಾತು. ಆದರೆ ಲವ್‌ಕ್ರಾಫ್ಟ್ ಸತ್ತಾಗ ಉಳಿದಂತೆ ಇಲ್ಲಿ ಬರೀ ನೆನಪುಗಳು ಉಳಿದಿರಲಿಲ್ಲ. ಊರಿನ ಜನಗಣತಿ ಇತ್ತು, ನಿಯಮಗಳಿದ್ದವು, ಇಪ್ಪತ್ತು ವರ್ಷ ಒಬ್ಬರನ್ನೊಬ್ಬರು ತಿದ್ದಿ ಪಳಗಿದ ಲೇಖಕರಿದ್ದರು. ಮರುವರ್ಷ, 2023ರಲ್ಲಿ, ಗೆಜೆಟ್ ಬಳಗದವರೇ ಸೇರಿ ‘1632 ಆ್ಯಂಡ್ ಬಿಯಾಂಡ್’ ಎಂಬ ಹೊಸ ಪತ್ರಿಕೆ ಹೊರತಂದರು. ಹೊಸ ಲೇಖಕರಿಂದ ಅದು ಕಥೆಗಳನ್ನು ಸ್ವೀಕರಿಸುತ್ತಿದೆ.